ಸಂದರ್ಶನ ಪಡಸಾಲೆಗೆ ಬಂದಾಗ



ಸವದತ್ತಿಯ ಕಡೆಯ ತಾಯಿಯೊಬ್ಬರು ಬರೆದ ಪತ್ರವೊಂದು ನನ್ನ ಮೇಜಿನ ಮೇಲಿದೆ. ಅವರ ಮಗ ಎಂಜಿನಿಯರಿಂಗ್ ಪದವಿ ಮುಗಿಸಿ ಎಂಟು ತಿಂಗಳಾಗಿವೆ. ಬೆಂಗಳೂರಿನ ಕಂಪನಿಯೊಂದು ಈಗ ಅವನನ್ನು ಸಂದರ್ಶನಕ್ಕೆ ಕರೆದಿದೆ. ಆದರೆ ಅವನು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಮನೆಯಲ್ಲಿಯೇ ಲ್ಯಾಪ್‌ಟಾಪಿನ ಮುಂದೆ ಕುಳಿತು ಉತ್ತರಿಸಬೇಕು. ಆ ತಾಯಿ ಬರೆಯುತ್ತಾರೆ: “ನಮ್ಮ ಅಣ್ಣ ಕೆಲಸದ ಸಂದರ್ಶನಕ್ಕೆ ಹೊರಟಾಗ ಬುತ್ತಿ ಕಟ್ಟಿಕೊಟ್ಟು, ಬಸ್ ನಿಲ್ದಾಣದವರೆಗೂ ಹೋಗಿ ಕಳಿಸಿ ಬರುತ್ತಿದ್ದೆವು. ಅಲ್ಲಿಗೆ ನಮ್ಮ ಕೆಲಸ ಮುಗಿಯುತ್ತಿತ್ತು. ಈಗ ಮಗ ಒಳಕೋಣೆಯಲ್ಲಿಯೇ ಕೂಡುತ್ತಾನೆ. ನಾವು ಏನು ಮಾಡಬೇಕು? ಮನೆಯಲ್ಲಿ ಇರಬೇಕೇ, ಹೊರಗೆ ಹೋಗಬೇಕೇ?”

ಪ್ರಶ್ನೆ ಚಿಕ್ಕದಾಗಿ ಕಂಡರೂ ಹಗುರವಾದುದಲ್ಲ. ಅದಕ್ಕೆ ಉತ್ತರಿಸುವ ಅಧಿಕಾರ ನನಗೆ ಬಂದಿರುವುದು ಪಾಂಡಿತ್ಯದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ. ಅದನ್ನು ಮರೆಮಾಚದೆ ಹೇಳಿಬಿಡುವುದೇ ಲೇಸು.

ನಮ್ಮ ತಲೆಮಾರಿನವರಿಗೆ ಸಂದರ್ಶನವೆಂದರೆ ಒಂದು ಪ್ರಯಾಣ. ಅಂಚೆಯಲ್ಲಿ ಕರೆಪತ್ರ ಬರುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ, ಪ್ರಮಾಣಪತ್ರಗಳ ಕಡತ, ರಾತ್ರಿಯ ರೈಲು, ಬೆಳಗಿನ ಜಾವ ಯಾರೋ ಬಂಧುಗಳ ಮನೆಯಲ್ಲಿ ಸ್ನಾನ. ಅವರ ಕೋಣೆಯನ್ನು ನಾವು ನೋಡುತ್ತಿದ್ದೆವೇ ಹೊರತು ನಮ್ಮ ಮನೆಯನ್ನು ಅವರು ನೋಡುತ್ತಿರಲಿಲ್ಲ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದ ಮೇಲೆ ಈ ಕ್ರಮ ತಲೆಕೆಳಗಾಯಿತು. ಅದಕ್ಕೂ ಮೊದಲು ಪರದೇಶದ ಕಂಪನಿಗಳು ಸ್ಕೈಪ್ ಮೂಲಕ ಹೀಗೆ ಮಾತನಾಡಿಸುತ್ತಿದ್ದುದುಂಟು. 2003ರಲ್ಲಿ ಹುಟ್ಟಿದ ಆ ಸ್ಕೈಪ್ 2025ರ ಮೇ ತಿಂಗಳಲ್ಲಿ ನಿಂತೂ ಹೋಯಿತು. ಝೂಮ್, ಗೂಗಲ್ ಮೀಟ್, ಟೀಮ್ಸ್ ಎಂಬ ಹೆಸರುಗಳು ಈಗ ಹಳ್ಳಿಯ ಮಕ್ಕಳಿಗೂ ಪರಿಚಿತ. ರೋಗದ ಭಯ ಹಿಂದೆ ಸರಿದರೂ ಪದ್ಧತಿ ಉಳಿಯಿತು. ಮೊದಲ ಸುತ್ತನ್ನಾದರೂ ವಿಡಿಯೋ ಮೂಲಕವೇ ಮುಗಿಸುವ ಕಂಪನಿಗಳು ಇಂದು ಹಲವಾರು.

ಇದರಿಂದ ಅನುಕೂಲವಿಲ್ಲವೆಂದು ಹೇಳಲಾರೆ. ದಾರಿಯ ಖರ್ಚು, ವಸತಿಯ ಖರ್ಚು ಉಳಿಯುತ್ತವೆ. “ಒಬ್ಬಳನ್ನೇ ಬೆಂಗಳೂರಿಗೆ ಹೇಗೆ ಕಳಿಸುವುದು” ಎಂದು ಮಗಳ ಕರೆಪತ್ರವನ್ನು ಕಪಾಟಿನಲ್ಲಿಯೇ ಇಟ್ಟುಬಿಟ್ಟ ಹಿರಿಯರನ್ನು ನಾನು ಬಲ್ಲೆ. ಮೊದಲ ಸುತ್ತಿನ ಮಟ್ಟಿಗಾದರೂ ಆ ನೆಪ ಈಗ ನಡೆಯದು. ಆದರೆ ಸಂದರ್ಶನದ ಕೋಣೆ ಮನೆಯೊಳಗೇ ಬಂದ ಮೇಲೆ ಆ ಕೋಣೆಯ ಶಿಸ್ತನ್ನು ಕಾಯುವ ಹೊಣೆಯೂ ಮನೆಯವರ ಮೇಲೆ ಬಿದ್ದಿತು. ನಾನು ಎಡವಿದ್ದು ಅಲ್ಲಿಯೇ.

2022ರ ಮಳೆಗಾಲದ ಮಾತು. ನನ್ನ ಮಗಳು ಎಂ.ಕಾಂ. ಮುಗಿಸಿದ್ದಳು. ಲೆಕ್ಕಪತ್ರಗಳ ಕೆಲಸ ನಡೆಸುವ ಬೆಂಗಳೂರಿನ ಒಂದು ಸಂಸ್ಥೆಯಿಂದ ಕರೆ ಬಂದಿತ್ತು. ನಮ್ಮದು ರಾಣೇಬೆನ್ನೂರಿನ ಹಳೆಯ ಓಣಿಯ ಮನೆ. ವೈ-ಫೈ ಚೆನ್ನಾಗಿ ಸಿಗುವುದು ಪಡಸಾಲೆಯಲ್ಲಿ ಮಾತ್ರ. ಮಗಳು ಅಲ್ಲಿ ಕುಳಿತಳು. ಮೂವತ್ತು ವರ್ಷ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಹೇಳಿದ ನಾನು, ಕ್ಯಾಮೆರಾಕ್ಕೆ ಕಾಣದಂತೆ ಗೋಡೆಯ ಬದಿಗೆ ಕುರ್ಚಿ ಹಾಕಿಕೊಂಡು ಕುಳಿತೆ. ಅವಳ ಧೈರ್ಯಕ್ಕೆ ಇರಲಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಹತ್ತು ನಿಮಿಷ ಎಲ್ಲವೂ ಸರಾಗವಾಗಿ ನಡೆಯಿತು. ಆಮೇಲೆ ಸಂದರ್ಶನ ಮಾಡುತ್ತಿದ್ದ ಮಹಿಳೆ ಒಂದು ಪ್ರಶ್ನೆ ಕೇಳಿದರು: ಜಿಎಸ್‌ಟಿಯಲ್ಲಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆದುಕೊಂಡ ಖರೀದಿದಾರ, ಮಾಲು ಕೊಟ್ಟವನಿಗೆ ಹಣವನ್ನೇ ಸಲ್ಲಿಸದಿದ್ದರೆ ಏನಾಗುತ್ತದೆ? ಇನ್‌ವಾಯ್ಸಿನ ದಿನಾಂಕದಿಂದ 180 ದಿನಗಳೊಳಗೆ ಹಣ ಸಂದಾಯವಾಗದಿದ್ದರೆ, ಪಡೆದ ಕ್ರೆಡಿಟ್ಟನ್ನು ಬಡ್ಡಿಸಹಿತ ಹಿಂದಿರುಗಿಸಬೇಕೆಂಬುದು ನಿಯಮ. ಮಗಳು ಯೋಚಿಸಿದಳು. ಮೂರೋ ನಾಲ್ಕೋ ಸೆಕೆಂಡು ಕಳೆದಿರಬೇಕು. ನನಗೆ ಅದು ಮೂರು ಗಳಿಗೆಯಂತೆ ಕಂಡಿತು. “ನೂರಾ ಎಂಬತ್ತು” ಎಂಬ ಪಿಸುಮಾತು ನನ್ನ ಬಾಯಿಂದ ಹೊರಟೇ ಹೋಯಿತು. ಅವಳ ಕಣ್ಣು ಗಕ್ಕನೆ ನನ್ನ ಕಡೆಗೆ ಹೊರಳಿತು.

ಲ್ಯಾಪ್‌ಟಾಪಿನ ಮೈಕಿಗೆ ಇವರು ನಮ್ಮವರು, ಇವರು ಹೊರಗಿನವರು ಎಂಬ ಭೇದವಿಲ್ಲ. ಆ ಮಹಿಳೆ ಕ್ಷಣಕಾಲ ಸುಮ್ಮನಿದ್ದು, ಬಹಳ ಮರ್ಯಾದೆಯಿಂದಲೇ, “ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ?” ಎಂದು ಕೇಳಿದರು. “ನಮ್ಮ ತಂದೆಯವರಿದ್ದಾರೆ” ಎಂದಳು ಮಗಳು. ಸುಳ್ಳು ಹೇಳಲಿಲ್ಲ. ಇನ್ನೆರಡು ಪ್ರಶ್ನೆಗಳಾದವು. “ತಿಳಿಸುತ್ತೇವೆ” ಎಂಬ ಮಾತು ಬಂದಿತು. ಪರದೆ ಕಪ್ಪಾಯಿತು. ವಾರದ ನಂತರ ಬಂದ ಇ-ಮೇಲ್ ಎರಡೇ ಸಾಲಿನದು.

ಆ ದಿನ ಮಗಳು ಏನೂ ಅನ್ನಲಿಲ್ಲ. ಮರುದಿನ ರಾತ್ರಿ ಊಟಕ್ಕೆ ಕುಳಿತಾಗ, “ಅಪ್ಪಾ, ನೂರಾ ಎಂಬತ್ತು ದಿನ ಅನ್ನೋದು ನನಗ ಗೊತ್ತಿತ್ತು. ಇಂಗ್ಲಿಷಿನಾಗ ಹೆಂಗ ಹೇಳ್ಲಿ ಅಂತ ವಾಕ್ಯ ಜೋಡಿಸಾಕ ಹತ್ತಿದ್ದೆ” ಎಂದಳು. ನಾನು ತುತ್ತನ್ನು ಕೈಯಲ್ಲಿ ಹಿಡಿದೇ ಕುಳಿತೆ. ಬಡಿಸುತ್ತಿದ್ದ ನಮ್ಮ ಮನೆಯವರು ಸುಮ್ಮನಿರಲಿಲ್ಲ: “ಕಾಲೇಜಿನಾಗ ನಕಲು ಮಾಡೋ ಹುಡುಗರನ್ನ ಹೊರಗ ಕಳಸ್ತಿದ್ರಿ. ಈಗ ನಿಮ್ಮನ್ನ ಯಾರು ಕಳಸಬೇಕ್ರಿ?”

ಸಂದರ್ಶನ ಮಾಡಿದ ಆ ಮಹಿಳೆಯ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ಒಬ್ಬರ ಬದಲು ಇನ್ನೊಬ್ಬರು ಕುಳಿತು ಉತ್ತರಿಸುವುದು, ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಓದಿ ಹೇಳುವುದು, ಇತ್ತೀಚೆಗಂತೂ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಬರೆದುಕೊಟ್ಟ ಉತ್ತರವನ್ನು ಪರದೆಯ ಮೇಲಿಂದಲೇ ಒಪ್ಪಿಸುವುದು ಇವೆಲ್ಲ ಅವರು ಕಂಡ ಮೋಸಗಳು. ಕನಿಷ್ಠ ಒಂದು ಸುತ್ತಿನ ಸಂದರ್ಶನವನ್ನಾದರೂ ಮುಖಾಮುಖಿಯಾಗಿ ನಡೆಸುವೆವೆಂದು ಗೂಗಲ್ ಸಂಸ್ಥೆಯ ಮುಖ್ಯಸ್ಥರಾದ ಸುಂದರ್ ಪಿಚೈ ಅವರೇ 2025ರಲ್ಲಿ ಹೇಳಬೇಕಾಯಿತು. ಇಂಥ ಸಂಶಯದ ಕಾಲದಲ್ಲಿ ಅಭ್ಯರ್ಥಿಯ ಕಣ್ಣು ಪಕ್ಕಕ್ಕೆ ಹೊರಳಿದರೆ, ಅದು ತಂದೆಯ ಮಮತೆಯ ಕಡೆಗೆ ಹೊರಳಿತೆಂದು ಅವರು ತಿಳಿಯುವುದಾದರೂ ಹೇಗೆ? ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ. ಪಿಸುಮಾತಿಗೆ ನಂಬಿಕೆಯೇ ಹೋಗುತ್ತದೆ.

ಮತ್ತೊಂದು ವಿಷಯವನ್ನು ನಾನು ಅನಂತರ ಓದಿ ತಿಳಿದೆ. ವಿಡಿಯೋ ಸಂಭಾಷಣೆಯಲ್ಲಿ ನಮ್ಮ ಮಾತು ಅತ್ತ ತಲುಪಲು ಕೊಂಚ ಸಮಯ ಹಿಡಿಯುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮಾತು ಮುಟ್ಟಿದರೆ ಸಂಭಾಷಣೆ ಸಹಜವಾಗಿರುತ್ತದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ನಮ್ಮ ಊರುಗಳ ಸಂಪರ್ಕದಲ್ಲಿ ಅದಕ್ಕಿಂತ ಹೆಚ್ಚು ತಡವಾಗುವುದುಂಟು. ಜರ್ಮನಿಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರವಾಣಿಯ ಮಾತು ಸುಮಾರು 1.2 ಸೆಕೆಂಡು ತಡವಾದಾಗ, ಕೇಳುವವರಿಗೆ ಆಚೆಯ ವ್ಯಕ್ತಿಯೇ ಅಷ್ಟು ಸ್ನೇಹಪರನಲ್ಲ, ಅವನ ಗಮನ ಇಲ್ಲಿಲ್ಲ ಎಂಬ ಭಾವನೆ ಬಂದುದು ಕಂಡಿತು. ದೋಷ ತಂತಿಯದು, ಅಪವಾದ ಮನುಷ್ಯನಿಗೆ! ಆದುದರಿಂದ ಪ್ರಶ್ನೆ ಪೂರ್ಣವಾಗಿ ಮುಗಿದ ಮೇಲೆ ಒಂದು ಉಸಿರಿನಷ್ಟು ಕಾಲ ತಡೆದು ಮಾತು ಆರಂಭಿಸಬೇಕು. ಇಲ್ಲವಾದರೆ ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತದೆ. ಯೋಚಿಸಲು ಸಮಯ ಬೇಕಾದರೆ, “ಒಂದು ಕ್ಷಣ ಯೋಚಿಸಿ ಹೇಳುತ್ತೇನೆ” ಎಂದು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಎದುರಿಗೆ ಕುಳಿತಿದ್ದರೆ ಮೌನ ಮೌನವಾಗಿಯೇ ಕಾಣುತ್ತದೆ. ಪರದೆಯ ಮೇಲೆ ಅದು ಸಂಪರ್ಕ ಕಡಿದಂತೆ ಕಾಣುತ್ತದೆ. ಈ ಒಂದು ವಾಕ್ಯವನ್ನು ನಾನು ಮಗಳಿಗೆ ಮೊದಲೇ ಕಲಿಸಿದ್ದರೆ ನನ್ನ ಪಿಸುಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ.

ಇನ್ನು ಸಿದ್ಧತೆಯ ಮಾತಿಗೆ ಬರೋಣ. ಬಹಳ ಜನ ಕೊನೆಗೆ ನೋಡಿಕೊಳ್ಳುವ ಬೆಳಕನ್ನು ಮೊದಲು ನೋಡಿಕೊಳ್ಳಬೇಕು. ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಕ್ಯಾಮೆರಾ ಹಿಂದಿನ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕರಿಯ ನೆರಳಾಗಿ ತೋರಿಸುತ್ತದೆ. ಕಿಟಕಿ ಎದುರಿಗೆ ಇರಬೇಕು, ಇಲ್ಲವೇ ಓರೆಯಾಗಿ ಮುಂಬದಿಯಲ್ಲಿರಬೇಕು. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಹಾಗೆಯೇ ಇಟ್ಟರೆ ಕ್ಯಾಮೆರಾ ಕೆಳಗಿನಿಂದ ಗದ್ದವನ್ನೂ ಮೇಲಿನ ಫ್ಯಾನನ್ನೂ ತೋರಿಸುತ್ತದೆ. ನಾಲ್ಕು ದಪ್ಪ ಪುಸ್ತಕಗಳನ್ನು ಕೆಳಗಿಟ್ಟು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ತರಬೇಕು. ನನ್ನ ಹಳೆಯ ಆದಾಯ ತೆರಿಗೆಯ ಪಠ್ಯಪುಸ್ತಕಗಳು ಈ ಕಾರ್ಯಕ್ಕೆ ಒದಗಿಬಂದವು. ದರಗಳೆಲ್ಲ ಬದಲಾಗಿ ಅವು ಬೇರಾವುದಕ್ಕೂ ಉಪಯೋಗವಿರಲಿಲ್ಲ.

ಹಿಂದೆ ಏನು ಕಾಣುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ಹಿನ್ನೆಲೆಯ ಮುಂದೆ ಕುಳಿತವರ ಚಿತ್ರಗಳನ್ನು ಜನರಿಗೆ ತೋರಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದೆ ಗಿಡ ಅಥವಾ ಪುಸ್ತಕದ ಕಪಾಟು ಇದ್ದವರು ಹೆಚ್ಚು ನಂಬಿಕಸ್ಥರಾಗಿಯೂ ಸಮರ್ಥರಾಗಿಯೂ ಕಂಡರಂತೆ. ಇದನ್ನು ಓದಿ ಪುಸ್ತಕದ ಕಪಾಟು ಕೊಳ್ಳಲು ಹೊರಡಬೇಕಾಗಿಲ್ಲ. ಅಜ್ಜನ ಭಾವಚಿತ್ರವನ್ನು ಗೋಡೆಯಿಂದ ಇಳಿಸಬೇಕಾಗಿಯೂ ಇಲ್ಲ. ಒಣಗಲು ಹಾಕಿದ ಬಟ್ಟೆಯ ಹಗ್ಗವನ್ನೂ ಓಡುತ್ತಿರುವ ಟಿ.ವಿ.ಯನ್ನೂ ಕಣ್ಣಿಗೆ ಬೀಳದಂತೆ ಮಾಡಿದರೆ ಸಾಕು.

ಮಾತನಾಡುವಾಗ ಪರದೆಯ ಮೇಲಿನ ಮುಖವನ್ನಲ್ಲ, ಕ್ಯಾಮೆರಾದ ಚಿಕ್ಕ ಕಣ್ಣನ್ನು ನೋಡಬೇಕು. ಆಗಲೇ ಆಚೆಯವರಿಗೆ ನಮ್ಮ ದೃಷ್ಟಿ ತಮ್ಮ ಮೇಲಿದೆ ಎನಿಸುತ್ತದೆ. ತನ್ನ ಮುಖ ತನಗೇ ಕಾಣುವ ಕಿಂಡಿಯನ್ನು ಮರೆಮಾಡುವ ಸೌಲಭ್ಯವನ್ನು ಬಳಸಿಕೊಳ್ಳಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರ ಲೇಖನವೊಂದರಲ್ಲಿ, ವಿಡಿಯೋ ಸಭೆಗಳಿಂದ ಬರುವ ದಣಿವಿಗೆ ತನ್ನ ಮುಖವನ್ನು ತಾನೇ ಸದಾ ನೋಡುತ್ತಿರುವುದೂ ಒಂದು ಕಾರಣವೆಂದು ವಿವರಿಸಿದ್ದಾರೆ. ಕನ್ನಡಿಯ ಮುಂದೆ ನಿಂತು ಯಾರು ತಾನೆ ನೆಟ್ಟಗೆ ಮಾತನಾಡಿಯಾರು?

ವಿದ್ಯುತ್ತು, ಇಂಟರ್ನೆಟ್ಟು. ನಮ್ಮ ಕಡೆ ಹೆಸ್ಕಾಂನವರು ದುರಸ್ತಿಗಾಗಿ ಕರೆಂಟು ತೆಗೆಯುವ ದಿನ ಪತ್ರಿಕೆಯಲ್ಲಿ ‘ವಿದ್ಯುತ್ ವ್ಯತ್ಯಯ’ ಎಂದು ಪ್ರಕಟಣೆ ಕೊಡುತ್ತಾರೆ. ಹಿಂದಿನ ದಿನದ ಪತ್ರಿಕೆಯನ್ನು ತಪ್ಪದೆ ನೋಡಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೂ ವೈ-ಫೈ ಪೆಟ್ಟಿಗೆಯ ಪ್ಲಗ್ಗು ಆ ಸಾಲಿನಲ್ಲಿ ಇದೆಯೇ ಎಂದು ಪರೀಕ್ಷಿಸಬೇಕು. ನಮ್ಮಲ್ಲಿ ಇರಲಿಲ್ಲ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ. ಮೊಬೈಲಿನ ಹಾಟ್‌ಸ್ಪಾಟನ್ನು ಮೊದಲೇ ಜೋಡಿಸಿ ನೋಡಿರಲಿ. ಸ್ಪಷ್ಟ ಚಿತ್ರದ ಒಂದು ಗಂಟೆಯ ಮಾತುಕತೆಗೆ ಒಂದು ಜಿಬಿಯಷ್ಟು ಡಾಟಾ ಬೇಕಾಗಬಹುದು. ಮಧ್ಯೆ ಸಂಪರ್ಕ ಕಡಿದರೆ ಗಾಬರಿಯಾಗದೆ ಮೊಬೈಲಿನಿಂದಲೇ ಮತ್ತೆ ಸೇರಿಕೊಂಡು, ಒಂದು ಮಾತಿನಲ್ಲಿ ಕ್ಷಮೆ ಕೇಳಿ ಮುಂದುವರಿಸಬೇಕು. ಕರೆದವರ ದೂರವಾಣಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು. ಲ್ಯಾಪ್‌ಟಾಪ್ ಆರಿಹೋದಾಗ ಅದರೊಳಗಿನ ಸಂಖ್ಯೆಯಿಂದ ಏನು ಪ್ರಯೋಜನ?

ಇನ್ನೊಂದು ಚಿಕ್ಕ ಸಂಗತಿ. ತಂದೆಯ ಅಂಗಡಿಯ ಲ್ಯಾಪ್‌ಟಾಪಿನಿಂದ ಸೇರಿಕೊಂಡ ಹುಡುಗನೊಬ್ಬನ ಹೆಸರಿನ ಜಾಗದಲ್ಲಿ ಸಂದರ್ಶನದುದ್ದಕ್ಕೂ ಯಾವುದೋ ‘ಟ್ರೇಡರ್ಸ್’ ಎಂದೇ ಕಾಣುತ್ತಿತ್ತಂತೆ. ಲಿಂಕ್ ಒತ್ತುವ ಮೊದಲು ತನ್ನ ಹೆಸರೇ ಇದೆಯೇ ಎಂದು ನೋಡಿಕೊಂಡರೆ ಆಯಿತು. ಪರದೇಶದ ಕಂಪನಿಯಾದರೆ ಗಡಿಯಾರದ ಲೆಕ್ಕವೂ ಬೇಕು: ನ್ಯೂಯಾರ್ಕಿಗೂ ನಮಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ಅಂತರ, ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಒಂಬತ್ತೂವರೆ.

ಆದರೆ ಇವೆಲ್ಲ ಹೊರಗಿನ ಸಜ್ಜು. ಹೇಳುವ ಸರಕು ಒಳಗಿನಿಂದ ಬರಬೇಕು. ನಮ್ಮ ಕಡೆಯ ಮಕ್ಕಳ ಒಂದು ದೌರ್ಬಲ್ಯವನ್ನು ನಾನು ಪಾಠ ಹೇಳುವ ಕಾಲದಿಂದಲೂ ಕಂಡಿದ್ದೇನೆ. “ನಿಮ್ಮ ಅನುಭವವೇನು?” ಎಂದು ಕೇಳಿದರೆ “ಏನೂ ಇಲ್ಲ, ಈಗಷ್ಟೇ ಓದು ಮುಗಿದಿದೆ” ಎಂದು ತಲೆತಗ್ಗಿಸುತ್ತಾರೆ. ನನ್ನ ಶಿಷ್ಯನೊಬ್ಬ ಹಾಗೆಯೇ ಹೇಳುತ್ತಿದ್ದ. ಅವರ ಮನೆಯಲ್ಲಿ ಗೊಬ್ಬರ ಮತ್ತು ಬೀಜದ ಅಂಗಡಿ. ರಜೆಯಲ್ಲಿ ಏನು ಮಾಡುತ್ತೀಯೆಂದು ಕೇಳಿದರೆ, “ಅಂಗಡ್ಯಾಗ ಕೂಡ್ತೀನ್ರಿ ಸರ್” ಎಂದ. ಕೆದಕಿ ಕೇಳಿದಾಗ ವಿಷಯ ಹೊರಬಂದಿತು. ಅಪ್ಪನ ಉದ್ರಿ ಪುಸ್ತಕದಲ್ಲಿ ಒಬ್ಬನೇ ರೈತನ ಹೆಸರು ಮೂರು ಕಡೆ ಇರುತ್ತಿತ್ತು. ಹಳೆಯ ಬಾಕಿ ಕಣ್ತಪ್ಪುತ್ತಿತ್ತು. ಇವನು ಎರಡು ತಿಂಗಳು ಕುಳಿತು ಎಲ್ಲವನ್ನೂ ಎಕ್ಸೆಲ್ಲಿಗೆ ಏರಿಸಿ, ಸುಗ್ಗಿಯ ಹೊತ್ತಿಗೆ ಯಾರು ಎಷ್ಟು ಕೊಡಬೇಕೆಂಬ ಪಟ್ಟಿ ತೆಗೆದುಕೊಟ್ಟಿದ್ದ. ಬರಲಾರದೆಂದು ಬಿಟ್ಟಿದ್ದ ಎಷ್ಟೋ ಬಾಕಿ ಆ ವರ್ಷ ವಸೂಲಾಗಿತ್ತು. ಇದಕ್ಕಿಂತ ಒಳ್ಳೆಯ ಅನುಭವ ಯಾವುದು? ಪರಿಸ್ಥಿತಿ ಏನಿತ್ತು, ತನ್ನ ಪಾಲಿಗೆ ಬಂದ ಹೊಣೆ ಏನು, ತಾನು ಸ್ವತಃ ಏನು ಮಾಡಿದೆ, ಅದರಿಂದ ಏನಾಯಿತು ಎಂಬ ಕ್ರಮದಲ್ಲಿ ಹೇಳುವುದನ್ನು ಇಂಗ್ಲಿಷಿನವರು ‘ಸ್ಟಾರ್’ ಪದ್ಧತಿ ಎನ್ನುತ್ತಾರೆ. ಆ ಹುಡುಗನ ಉದ್ರಿ ಪುಸ್ತಕದ ಕಥೆ ಆ ಕ್ರಮಕ್ಕೆ ತಾನಾಗಿಯೇ ಹೊಂದಿತು. ಹಿರಿಯರು ನಿಜವಾಗಿ ಸಹಾಯ ಮಾಡಬಹುದಾದ ಜಾಗ ಇದು. ವಾರದ ಮೊದಲೇ ಪಕ್ಕದಲ್ಲಿ ಕುಳಿತು, “ಆ ಮದುವೆಯಲ್ಲಿ ಖರ್ಚಿನ ಲೆಕ್ಕ ಇಟ್ಟವನು ನೀನೇ ಅಲ್ಲವೇ?” ಎಂದು ಮಕ್ಕಳಿಗೆ ಅವರ ಕೆಲಸವನ್ನೇ ನೆನಪಿಸಬೇಕು. ಉತ್ತರವನ್ನು ಬಾಯಿಪಾಠ ಮಾಡಿಸಬಾರದು. ಪಾಠ ಒಪ್ಪಿಸುವ ಧಾಟಿ ಪರದೆಯ ಮೇಲೆ ಬೇಗ ಬಯಲಾಗುತ್ತದೆ.

ಕೆಲವೆಡೆ ಎದುರಿಗೆ ಮನುಷ್ಯರೇ ಇರುವುದಿಲ್ಲ. ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಗೊತ್ತುಪಡಿಸಿದ ನಿಮಿಷಗಳಲ್ಲಿ ಉತ್ತರವನ್ನು ಮುದ್ರಿಸಿ ಕಳಿಸಬೇಕು. ಇಂಥ ಸೇವೆ ನೀಡುವ ಹೈರ್‌ವ್ಯೂ ಎಂಬ ಅಮೆರಿಕದ ಕಂಪನಿ, ಅಭ್ಯರ್ಥಿಯ ಮುಖಭಾವವನ್ನು ಯಂತ್ರದಿಂದ ಅಳೆಯುವ ಪದ್ಧತಿಯನ್ನು ಟೀಕೆಗಳ ನಂತರ ಕೈಬಿಟ್ಟಿರುವುದಾಗಿ 2021ರ ಜನವರಿಯಲ್ಲಿ ಪ್ರಕಟಿಸಿತು. ತಲೆದೂಗುವವರಿಲ್ಲದೆ ಮಾತನಾಡುವುದು ಕಷ್ಟ. ಮೊಬೈಲಿನಲ್ಲಿ ತನ್ನ ಉತ್ತರವನ್ನು ತಾನೇ ಮುದ್ರಿಸಿ ಕೇಳುವ ಅಭ್ಯಾಸ ಇಲ್ಲಿ ಬಹಳ ಉಪಕಾರಿ.

ಎಚ್ಚರಿಕೆಯ ಒಂದು ಮಾತನ್ನು ಹೇಳಲೇಬೇಕು. ವಿಡಿಯೋ ಸಂದರ್ಶನದ ಸೋಗು ಹಾಕಿ, “ನೀವು ಆಯ್ಕೆಯಾಗಿದ್ದೀರಿ, ತರಬೇತಿಗೆ ಇಷ್ಟು, ಲ್ಯಾಪ್‌ಟಾಪಿಗೆ ಇಷ್ಟು ಠೇವಣಿ ಕಟ್ಟಿ” ಎನ್ನುವ ವಂಚಕರಿದ್ದಾರೆ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ಹಣ ಕೇಳುವುದಿಲ್ಲ. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಬೇಕು. ಇಲ್ಲಿ ತಡ ಮಾಡಿದಷ್ಟೂ ಹಣ ದೂರ ಹೋಗುತ್ತದೆ.

ಸವದತ್ತಿಯ ಆ ತಾಯಿಗೆ ನನ್ನ ಉತ್ತರವಿಷ್ಟು: ಅಮ್ಮಾ, ಮನೆಯಲ್ಲಿಯೇ ಇರಿ, ಕೋಣೆಯಲ್ಲಿ ಬೇಡ. ಕುಕ್ಕರನ್ನು ಸಂದರ್ಶನಕ್ಕೆ ಮೊದಲೇ ಇಳಿಸಿಬಿಡಿ. ಬಾಗಿಲ ಕರೆಗಂಟೆಯ ಸ್ವಿಚ್ಚು ತೆಗೆಯಿರಿ. ಮೊಮ್ಮಕ್ಕಳಿದ್ದರೆ ನೆರೆಮನೆಗೆ ಕಳಿಸಿ. ಆ ಒಂದು ಗಂಟೆ ಮನೆಯಲ್ಲಿ ಬೇರೆ ಯಾರೂ ಮೊಬೈಲಿನಲ್ಲಿ ಸಿನಿಮಾ ನೋಡದಂತೆ ನೋಡಿಕೊಳ್ಳಿ. ಮುಗಿದು ಹೊರಬಂದ ಕೂಡಲೇ “ಏನಾಯಿತು?” ಎಂದು ಕೇಳಬೇಡಿ, ಅವನೇ ಹೇಳುತ್ತಾನೆ.

ನಮ್ಮ ಮನೆಯ ಎರಡನೆಯ ಸಂದರ್ಶನ ಮೊದಲನೆಯದಾದ ಆರು ವಾರಗಳಿಗೆ ಬಂದಿತು. ನಮ್ಮ ಪಕ್ಕದಲ್ಲಿ ಹಿಟ್ಟಿನ ಗಿರಣಿಯಿದೆ. ಅದರ ಸದ್ದು ಗೋಡೆಯ ಮೂಲಕವೇ ಬರುತ್ತದೆ. ಹಿಂದಿನ ದಿನ ಹೋಗಿ ಗಿರಣಿಯವರಲ್ಲಿ ವಿಷಯ ಹೇಳಿದೆ. ಅವರು ಬಹಳ ಯೋಚಿಸಲಿಲ್ಲ. ಮರುದಿನ ಹನ್ನೊಂದು ಗಂಟೆಗೆ ಮೋಟರು ನಿಲ್ಲಿಸಿ, “ನೀವೂ ಇಲ್ಲೇ ಬಂದು ಕೂಡ್ರಿ ಮಾಸ್ತರ, ಮನಿಯಾಗ ಇದ್ರ ನಿಮ್ಮ ಬಾಯಿ ಸುಮ್ನಿರೂದಿಲ್ಲ” ಎಂದರು. ಸುದ್ದಿ ಅಲ್ಲಿಯವರೆಗೂ ಹೋಗಿತ್ತು! ಜೋಳದ ಬುಟ್ಟಿ ಹೊತ್ತು ಬಂದ ಹೆಣ್ಣುಮಕ್ಕಳು ನಾಲ್ಕೈದು ಜನ, ಕಾರಣ ಕೇಳಿ ತಿಳಿದು ಬುಟ್ಟಿಗಳನ್ನು ಸಾಲಾಗಿ ಇಟ್ಟು ಕಟ್ಟೆಯ ಮೇಲೆ ಕುಳಿತರು. ಯಾರೂ ಗೊಣಗಲಿಲ್ಲ. ಒಬ್ಬ ಅಜ್ಜಿಯಂತೂ ಪಿಸುದನಿಯಲ್ಲಿಯೇ ಮಾತನಾಡಿದಳು, ಮೈಕು ಅಲ್ಲಿಯವರೆಗೂ ಕೇಳುತ್ತದೆಂಬಂತೆ.

ಮಗಳಿಗೆ ಕೆಲಸ ದೊರೆತದ್ದು ಅದರಲ್ಲಿಯೂ ಅಲ್ಲ, ಅದರ ಮುಂದಿನ ಸಂದರ್ಶನದಲ್ಲಿ. ಆದರೆ ಆ ದಿನ ಮುಕ್ಕಾಲು ಗಂಟೆಯ ನಂತರ ಅವಳು ಬಾಗಿಲಿಗೆ ಬಂದು ನಿಂತಳು. ಕಟ್ಟೆಯ ಮೇಲಿದ್ದ ನಮ್ಮೆಲ್ಲರನ್ನೂ ನೋಡಿ ಒಂದು ಕ್ಷಣ ಏನೂ ತೋಚದಂತೆ ನಿಂತು, ಆಮೇಲೆ ನಕ್ಕು, “ಗಿರಣಿ ಚಾಲೂ ಮಾಡ್ರಿ ಕಾಕಾ” ಎಂದಳು.